ಹುಣಸೆತೋಪಿನ ಉತ್ತರದ ಏಳು ಎಕರೆ

ಬಿಳಿಗೊಪ್ಪ
ಇಸವಿ ೨೧೩೯, ನಡುಬೇಸಿಗೆಯ ಅರವತ್ತೊಂದನೆಯ ದಿನ

ಶ್ರೀ ಗುರುಸಿದ್ಧಪ್ಪ ಮುಳಗುಂದ ಅವರಿಗೆ,

ಇಂಥ ಕಾಗದವನ್ನು ‘ತೀರ್ಥರೂಪರಿಗೆ’ ಎಂದು ಆರಂಭಿಸುವ ರೂಢಿ ನಿಮ್ಮ ಕಾಲದಲ್ಲಿತ್ತೆಂದು ಓದಿ ತಿಳಿದಿದ್ದೇನೆ. ಬರೆಯಲು ಕೈ ಬರಲಿಲ್ಲ, ಕ್ಷಮಿಸಿ. ಮೇಲಿನ ತಾರೀಖು ನಿಮಗೆ ತಮಾಷೆಯಂತೆ ಕಂಡೀತು; ಕೆಳಗಿನ ಕೆಲವು ಮಾತುಗಳು ಇನ್ನೂ ವಿಚಿತ್ರವಾಗಿ ಕೇಳಿಸಬಹುದು. ನಾವು ಹೊಸ ಮಾತುಗಳನ್ನು ಹುಟ್ಟಿಸಿದ್ದು ಹುರುಪಿನಿಂದಲ್ಲ, ಹಳೆಯವು ಕೆಲಸಕ್ಕೆ ಬಾರದಾದವು. ನಾನು ಮೃಡಾಣಿ, ನಿಮ್ಮ ಮಗನ ಮೊಮ್ಮಗನ ಮಗಳು. ನನಗೆ ಐವತ್ತೊಂದು ವರ್ಷ. ಈ ಕಾಗದ ನಿಮ್ಮ ಕೈಗೆ ಹೇಗೆ ತಲುಪಿತೆಂದು ಕೇಳಬೇಡಿ, ನನಗೂ ಸರಿಯಾಗಿ ಗೊತ್ತಿಲ್ಲ. ಶುಕ್ರವಾರ ಸಂಜೆ ತಲುಪುತ್ತದೆ ಎಂದಷ್ಟೇ ಕಳಿಸುವವರು ಹೇಳಿದ್ದಾರೆ. ಆ ಶುಕ್ರವಾರ ಯಾವುದೆಂದು ನಿಮಗೆ ಗೊತ್ತಾಗುತ್ತದೆ. ಪ್ರೊಫೆಸರ್ ಶೇಷಗಿರಿ ದೇಸಾಯಿಯವರ ಮನೆಯ ಸಭೆ ಮುಗಿಸಿ ನೀವು ಆಗತಾನೆ ಬಂದು ಚಪ್ಪಲಿ ಬಿಟ್ಟಿರುತ್ತೀರಿ.

ನಿಮ್ಮ ವಿಷಯ ನನಗೆ ಎರಡು ಕಡೆಯಿಂದ ತಿಳಿಯಿತು. ಒಂದು, ಕಂದು ಕಾಗದದ ಹೊದಿಕೆ ಹಾಕಿದ ನಿಮ್ಮ ಎರಡು ಉದ್ದ ನೋಟುಪುಸ್ತಕಗಳು. ನೀವು ಮೂವತ್ತೆರಡು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರರಾಗಿದ್ದಿರಿ. ಹಾಗಾಗಿ ಉದ್ಯಾನ ರಕ್ಷಣಾ ಸಮಿತಿಯ ಕಾರ್ಯದರ್ಶಿಯಾದಾಗಲೂ ಯಾರು ಏನು ಆಡಿದರೋ ಅದನ್ನೇ, ಅವರ ಬಾಯಿಂದ ಬಂದ ಹಾಗೆಯೇ ಬರೆದಿಟ್ಟಿರಿ. ಎರಡನೆಯದು ರೇಣವ್ವ. ಅವಳು ನನ್ನ ಕಚೇರಿಯ ಕಿಟಕಿಗೆ ದಿನವೂ ಬರುವ ಹೆಂಗಸು, ಹುಲಿಗೆವ್ವನ ವಂಶದವಳು. ನಿಮ್ಮ ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಅವಳು ಹೇಳಿದಳು. ಎರಡೂ ಎಲ್ಲಿಯೂ ಒಂದಕ್ಕೊಂದು ವಿರೋಧವಾಗಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾದ ಸಂಗತಿ.

ನಮ್ಮ ದಿನಚರಿಯನ್ನು ಸ್ವಲ್ಪ ಹೇಳದೆ ಮುಂದಿನದು ಅರ್ಥವಾಗದು. ಬೆಳಗಿನ ಒಂಬತ್ತೂವರೆಗೆ ಊರಿನಲ್ಲಿ ಕೊಂಬು ಊದುತ್ತಾರೆ. ಅಲ್ಲಿಂದ ಸಂಜೆ ಐದೂವರೆಯವರೆಗೆ ‘ಒಳಹೊತ್ತು’, ಅಂದರೆ ಯಾರೂ ಬರಿಬಯಲಿಗೆ ಕಾಲಿಡಬಾರದ ಹೊತ್ತು. ಶಾಲೆ ನಸುಕಿನಲ್ಲೇ ಮುಗಿಯುತ್ತದೆ. ಗಾರೆ ಕೆಲಸದವರು ಬೆಳಗಾಗುವಷ್ಟರಲ್ಲಿ ಗೋಡೆ ಎತ್ತಿ ಮುಗಿಸಿರುತ್ತಾರೆ. ಮನೆಯೊಳಗೆ ತಂಪಿನ ಯಂತ್ರ ಹಾಕಿಸಿಕೊಳ್ಳಲು ಆಗದವರು, ಅಂದರೆ ಊರಿನ ಮುಕ್ಕಾಲು ಪಾಲು ಜನ, ಸರಕಾರ ಕಟ್ಟಿದ ‘ಹಾಸುಚಪ್ಪರ’ಗಳ ಕೆಳಗೆ ಸರದಿಯಂತೆ ಬಂದು ಕೂರುತ್ತಾರೆ; ಅಷ್ಟು ಓಡಾಟಕ್ಕೆ ಮಾತ್ರ ಒಳಹೊತ್ತಿನಲ್ಲಿ ವಿನಾಯಿತಿ. ಅವು ಬಟ್ಟೆ ಮತ್ತು ತಂತಿಯ ದೊಡ್ಡ ಚಪ್ಪರಗಳು. ಮೇಲಿಂದ ನೀರು ಜಿನುಗುತ್ತದೆ. ಎಲ್ಲರಿಗೂ ಸಾಲುವಷ್ಟು ಚಪ್ಪರ ಇಲ್ಲ. ಅದಕ್ಕೆ ‘ನೆರಳುಚೀಟಿ’ ಬಂತು. ಯಾರಿಗೆ ದಿನಕ್ಕೆ ಎಷ್ಟು ಹೊತ್ತು ನೆರಳು ಎಂದು ಆ ಚೀಟಿ ಹೇಳುತ್ತದೆ. ಚೀಟಿಗೆ ಮುದ್ರೆ ಒತ್ತುವ ಗುಮಾಸ್ತೆ ನಾನು. ಬಾಣಂತಿಯರಿಗೆ ಹತ್ತು ನಿಮಿಷ ಹೆಚ್ಚು ಕೊಡುವ ಅಧಿಕಾರ ನನಗಿದೆ. ಅದರ ಮೇಲೆ ಇಲ್ಲ. ‘ತೋಪು’ ಎಂದರೇನು ಎಂದು ಮಕ್ಕಳು ಕೇಳಿದರೆ, ಮರಗಳು ಒತ್ತೊತ್ತಾಗಿ ನಿಂತು, ಚೀಟಿ ಕೇಳದೆ ನೆರಳು ಕೊಡುತ್ತಿದ್ದ ಜಾಗ ಎಂದು ವಿವರಿಸುತ್ತೇವೆ. ನಾವು ಕಥೆ ಕಟ್ಟುತ್ತಿದ್ದೇವೆಂದು ಅವರು ನಗುತ್ತಾರೆ.

ಈಗ ನಿಮ್ಮ ಕಥೆಗೆ ಬರುತ್ತೇನೆ. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಎನಿಸಿದರೂ ಓದಿ. ಮಾಡಿದ್ದನ್ನು ಬೇರೆಯವರ ಬಾಯಲ್ಲಿ ಕೇಳುವುದು ಬೇರೆ.

ಬಿಳಿಗೊಪ್ಪದ ಹುಣಸೆತೋಪು ಇಪ್ಪತ್ತೆರಡು ಎಕರೆಯ ಸಾರ್ವಜನಿಕ ಉದ್ಯಾನವಾಗಿತ್ತು. ಉತ್ತರಕ್ಕೆ ನಿಮ್ಮ ಅಧ್ಯಾಪಕರ ಬಡಾವಣೆ. ದಕ್ಷಿಣಕ್ಕೆ ಪೌರಕಾರ್ಮಿಕರ ಕಾಲೊನಿ, ತಗಡಿನ ಸೂರಿನ ನೂರ ಎಂಬತ್ತು ಮನೆ. ನೀವು ಬೆಳಿಗ್ಗೆ ಬಂದು ನಾಲ್ಕು ಸುತ್ತು ನಡೆದು ಹೋಗುತ್ತಿದ್ದಿರಿ. ಅವರು ಬೀದಿ ಗುಡಿಸಿ ಮುಗಿಸಿ ಮಧ್ಯಾಹ್ನ ಬರುತ್ತಿದ್ದರು. ಹೀಗಾಗಿ ಒಂದೇ ತೋಪಿನಲ್ಲಿ ನಲವತ್ತು ವರ್ಷ ಇದ್ದರೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಆಮೇಲೆ ಮಸೂದೆ ಬಂತು. ಬಿಳಿಗೊಪ್ಪದ ‘ಅಲ್ಪಬಳಕೆಯ ತೆರೆದ ಜಾಗ’ಗಳನ್ನು ಉದ್ಯಾನದ ಪಟ್ಟಿಯಿಂದ ತೆಗೆದು, ಅಲ್ಲಿ ಮಳಿಗೆ, ಮದುವೆ ಮಂಟಪ, ವಾಹನ ನಿಲ್ದಾಣಗಳ ಸಮುಚ್ಚಯ ಕಟ್ಟುವುದು. ಪತ್ರಿಕೆಯ ಒಳಪುಟದಲ್ಲಿ ಬಂದ ಆ ಪ್ರಕಟಣೆಯನ್ನು ಊರಿನಲ್ಲಿ ಪೂರ್ತಿ ಓದಿದವರು ನೀವೊಬ್ಬರೇ. ಆಕ್ಷೇಪಣೆಗೆ ಮೂವತ್ತು ದಿನ ಗಡುವಿತ್ತು. ನೀವು ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಕೊಡೆ ಹಿಡಿದು ಮನೆ ಮನೆಗೆ ಹೋದಿರಿ. ಆಗ ನಿಮ್ಮ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಾತಾಡಲು ನಿಮಗೊಂದು ಕಾರಣ ಸಿಕ್ಕಿತು ಎಂದು ನನಗೆ ಅನಿಸುತ್ತದೆ.

ಮೊದಲ ಸಭೆ ತೋಪಿನ ಕಟ್ಟೆಯ ಮೇಲೆ ನಡೆಯಿತು. ದೇಸಾಯಿಯವರನ್ನು ಅಧ್ಯಕ್ಷರನ್ನಾಗಿ ಮಾಡಿದಿರಿ. “ಇಲ್ಲೆ ವಾಕಿಂಗ್ ಮಾಡೋರು ಮುನ್ನೂರು ಮಂದಿ ಇದ್ದೀವಿ. ಮುನ್ನೂರು ಸಹಿ ಕಳಿಸಿದ್ರ ಸಾಕಾಗ್ತದ” ಎಂದರು ಅವರು. ಹಿಂದೆ, ಪೊರಕೆ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಬಾಯಿ ಹಾಕಿದಳು.

“ನಡ್ಯಾವ್ರು ಮುನ್ನೂರು ಮಂದಿ ಅದೀರಿ, ಖರೆ. ಕುಂದರಾವ್ರನ್ನ ಯಾರ ಎಣಿಸ್ಯಾರಿ?”

ಅವಳೇ ಹುಲಿಗೆವ್ವ ದೊಡ್ಡಮನಿ. ಐವತ್ತು ವರ್ಷ, ಆ ವಾರ್ಡಿನ ಕಸ ಗುಡಿಸುವವಳು. ಎಲ್ಲರೂ ತಿರುಗಿ ನೋಡಿದರು. ನೀವು ಮಾತ್ರ “ನಿಮ್ಮ ಹೆಸರು ಏನ್ರಿ? ಬರಕೊಬೇಕು” ಎಂದಿರಿ. ರೇಣವ್ವ ಹೇಳುವಂತೆ, ಬಡಾವಣೆಯವರೊಬ್ಬರು ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅದನ್ನು ಅವಳು ಮನೆಯಲ್ಲಿ ಎಷ್ಟು ಸಲ ಹೇಳಿದಳೆಂದರೆ, ನೂರು ವರ್ಷ ದಾಟಿ ನನ್ನ ಕಿಟಕಿಯವರೆಗೆ ಬಂದು ಮುಟ್ಟಿದೆ.

ಕೂರುವವರನ್ನು ಎಣಿಸುವ ಉಪಾಯವೂ ಅವಳದೇ. ಸರಕಾರದ ಸಮೀಕ್ಷೆಯವರು ಮಳೆ ಬಿದ್ದ ಒಂದು ಬೆಳಗು ಬಂದು ನೋಡಿ, ಜಾಗ ಖಾಲಿ ಬಿದ್ದಿದೆ ಎಂದು ಬರೆದುಕೊಂಡು ಹೋಗಿದ್ದರು. ಹುಲಿಗೆವ್ವ ಬಡಾವಣೆಯವರನ್ನು ಮಧ್ಯಾಹ್ನ ಕರೆದಳು. ಹೋದವರು ನೀವು ಮತ್ತು ಇನ್ನಿಬ್ಬರು. ನೀವು ಕಂಡದ್ದನ್ನು ಎರಡು ಪುಟ ಬರೆದಿದ್ದೀರಿ. ಕೊಂಬೆಗಳಿಗೆ ಸೀರೆಯ ಜೋಳಿಗೆ ಕಟ್ಟಿ ಕೂಸುಗಳನ್ನು ಮಲಗಿಸಿದ್ದರು. ಹೆಂಗಸರು ಗುಂಪಾಗಿ ಕೌದಿ ಹೊಲಿಯುತ್ತಿದ್ದರು. ಸರಕಾರಿ ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ಬಂದ ಹಳ್ಳಿಯವರು ಬುತ್ತಿ ಬಿಚ್ಚಿದ್ದರು, ಹಮಾಲರು ಟವೆಲ್ ಹಾಸಿ ನಿದ್ದೆ ಹೋಗಿದ್ದರು, ಕಾಲೇಜಿನ ಹುಡುಗಿಯರು ಪುಸ್ತಕ ಹಿಡಿದು ಕೂತಿದ್ದರು. “ಮನ್ಯಾಗ ಇರಾಕ ಆಗೂದಿಲ್ರಿ. ತಗಡು ಅಂದ್ರ ಕಾದ ಹಂಚು, ನಾವು ರೊಟ್ಟಿ” ಎಂದಳು ಹುಲಿಗೆವ್ವ. ಬಾಗಿಲ ಬಳಿ ಒಂದು ಡಬ್ಬಿ ಇಟ್ಟು, ಒಳಗೆ ಬಂದ ಪ್ರತಿಯೊಬ್ಬರಿಗೆ ಒಂದು ಹುಣಸೆಬೀಜ ಹಾಕುತ್ತ ಹೋದಳು. ಬುಧವಾರ ಸಾವಿರದ ನೂರ ನಲವತ್ತಾರು ಬೀಜ. ನೀವು ಎರಡು ಸಲ ಎಣಿಸಿದಿರಿ. ಅದೇ ಪುಟದಲ್ಲಿ ‘ಊಟ: ಹುಲಿಗೆವ್ವನವರ ಬುತ್ತಿಯಿಂದ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ’ ಎಂದು ಬರೆದು, ಸಭೆಗೆ ಸಂಬಂಧವಿಲ್ಲವೆಂದು ಅಡ್ಡಗೆರೆ ಎಳೆದಿದ್ದೀರಿ. ಗೆರೆಯ ಕೆಳಗೆ ಅಕ್ಷರ ಚೆನ್ನಾಗಿಯೇ ಓದಲು ಬರುತ್ತದೆ.

ಸದನ ಸಮಿತಿ ಅಹವಾಲು ಕೇಳಲು ಊರಿಗೆ ಬಂದಾಗ ದೇಸಾಯಿಯವರು ಇಪ್ಪತ್ತು ನಿಮಿಷ ಭಾಷಣ ಮಾಡಿದರು. ಸದಸ್ಯರು ಗಡಿಯಾರ ನೋಡಿಕೊಂಡರು. ಆಮೇಲೆ ಹುಲಿಗೆವ್ವ ಮುಂದೆ ಹೋಗಿ, ಸೆರಗಿನ ಗಂಟು ಬಿಚ್ಚಿ, ಬೀಜಗಳನ್ನೆಲ್ಲ ಮೇಜಿನ ಮೇಲೆ ಸುರಿದಳು.

“ಏನಮ್ಮಾ ಇದು?” ಎಂದರು ಸಮಿತಿಯ ಅಧ್ಯಕ್ಷರು.

“ಮಂದಿರಿ.”

“ಮಂದಿ?”

“ಒಂದು ಬೀಜ ಒಬ್ಬ ಮನಷ್ಯಾ. ಬುಧವಾರ ಮಧ್ಯಾನ್ನ ನಿಮ್ಮ ಖಾಲಿ ಜಾಗದಾಗ ಕುಂತಾವ್ರು. ನಂಬಿಗಿ ಇಲ್ಲಾಂದ್ರ ಎಣಿಸ್ರಿ. ನಾ ಕುಂದರ್ತೀನಿ.”

ಒಬ್ಬ ಸದಸ್ಯರು ಒಂದು ಬೀಜ ಎತ್ತಿ ನೋಡಿದರು. ಮತ್ತೆ ರಾಶಿಗೆ ಹಾಕಲು ಮುಜುಗರವಾಗಿ ಸಭೆ ಮುಗಿಯುವವರೆಗೆ ಕೈಯಲ್ಲೇ ಹಿಡಿದು ಕೂತರು. ಮಸೂದೆಯನ್ನು ಮುಂದಿನ ಅಧಿವೇಶನಕ್ಕೆ ಮುಂದೂಡಿದರು. ಆ ಎರಡು ತಿಂಗಳು ನೀವು ಬರೆದ ಪುಟಗಳಲ್ಲಿ ಅಕ್ಷರಗಳೇ ದೊಡ್ಡವಾಗಿವೆ. ಅಧಿವೇಶನ ಮತ್ತೆ ಸೇರುವ ಸೋಮವಾರ ತೋಪಿನ ಸುತ್ತ ಮಾನವ ಸರಪಳಿ ಮಾಡುವುದೆಂದು ನಿಶ್ಚಯವಾಯಿತು. ದಕ್ಷಿಣದಿಂದ ಕಾಲೊನಿ, ಉತ್ತರದಿಂದ ಬಡಾವಣೆ. ಎರಡೂ ಪಡುವಣ ಬಾಗಿಲಲ್ಲಿ ಕೈ ಹಿಡಿಯುವುದು. ಆ ಕೊನೆಗಳಲ್ಲಿ ನಿಲ್ಲುವವರು ಹುಲಿಗೆವ್ವ ಮತ್ತು ನೀವು ಎಂದು ನಿಮ್ಮ ಕೈಯಲ್ಲೇ ಬರೆದಿದೆ.

ಆಮೇಲೆ ಶಾಸಕರ ಕಡೆಯ ನಿಂಗನಗೌಡ ನಕಾಶೆ ಸುರುಳಿ ಸುತ್ತಿಕೊಂಡು ದೇಸಾಯಿಯವರ ಮನೆಗೆ ಬಂದ. ಉತ್ತರದ ಏಳು ಎಕರೆಯನ್ನು ಬಿಟ್ಟುಕೊಡುತ್ತೇವೆ, ಉಳಿದ ಹದಿನೈದು ಎಕರೆ ಮತ್ತು ಕಾಲೊನಿಯ ಜಾಗ ಸಮುಚ್ಚಯಕ್ಕೆ ಎಂದ. ಅದು ‘ನಡಿಗೆ ಉದ್ಯಾನ’ವಾಗುತ್ತದೆ, ಬೇಲಿ ಬೀಳುತ್ತದೆ, ಆಡಳಿತ ಬಡಾವಣೆಯ ಸಂಘದ್ದು, ಒಳಗೆ ಬರಲು ಕಾರ್ಡು. ಪ್ರತಿಯಾಗಿ ಸಮಿತಿ ಆಕ್ಷೇಪಣೆಯನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬೇಕು. ಭಾನುವಾರ ಕಟ್ಟೆಯ ಮೇಲೆ ಸೇರಬೇಕಿದ್ದ ಸಭೆಯನ್ನು ಶುಕ್ರವಾರಕ್ಕೆ ತಂದು, ದೇಸಾಯಿಯವರ ಮನೆಯ ಪಡಸಾಲೆಯಲ್ಲಿ ಇಟ್ಟರು. ಕಾಲೊನಿಗೆ ತಿಳಿಸಲಿಲ್ಲ. ತಿಳಿಸುವುದು ಕಾರ್ಯದರ್ಶಿಯ ಕೆಲಸವಾಗಿತ್ತು.

ಆ ಸಭೆಯನ್ನೂ ನೀವು ಬರೆದಿದ್ದೀರಿ. ಒಪ್ಪಂದದ ಆರನೆಯ ಕಲಮನ್ನು ನೀವೇ ಗಟ್ಟಿಯಾಗಿ ಓದಿದಿರಿ: ಮುಂದೆ ಅಗತ್ಯ ಬಿದ್ದರೆ ಈ ಏಳು ಎಕರೆಯನ್ನೂ ಪಟ್ಟಿಯಿಂದ ತೆಗೆಯಲು ಸಂಘದ ಅಭ್ಯಂತರವಿಲ್ಲ. “ಅದು ಬರೇ ಫಾರ್ಮಾಲಿಟಿರೀ ಸರ” ಎಂದ ನಿಂಗನಗೌಡ. ನ್ಯಾಯಾಲಯದಲ್ಲಿ ಮೂವತ್ತೆರಡು ವರ್ಷ ಕೂತವರು ನೀವು. ಕಾಗದದ ಮೇಲೆ ಬರೇ ಫಾರ್ಮಾಲಿಟಿ ಎಂಬುದು ಯಾವುದೂ ಇಲ್ಲವೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

“ಎಲ್ಲಾ ಕಳಕೊಳ್ಳೋದಕ್ಕಿಂತ ಏಳು ಎಕರೆ ಉಳಿತಂದ್ರ ಏನು ಕಡಿಮಿ?” ಎಂದರು ದೇಸಾಯಿ. “ಹೋಗೋದೆಲ್ಲಾ ಆ ಕಡೀದು.”

“ಹುಲಿಗೆವ್ವಗ ಏನಂತ ಹೇಳೂದ್ರಿ?” ಇದು ನಿಮ್ಮ ಮಾತು.

“ಅವ್ರಿಗೆ ಸರಕಾರ ಬ್ಯಾರೆ ಕಡೆ ಮನಿ ಕೊಡ್ತದ. ನಾವು ಹೇಳೋದೇನದ ಅದರಾಗ?”

ಅದರ ಕೆಳಗೆ ನೀವು ‘ಮೌನ’ ಎಂದು ಬರೆದಿದ್ದೀರಿ. ಯಾರ ಮೌನವೆಂದು ಬರೆದಿಲ್ಲ. ಹನ್ನೊಂದು ಸಹಿ ಬಿದ್ದವು. ಎರಡನೆಯದು ನಿಮ್ಮದು.

ಸೋಮವಾರ ಬೆಳಿಗ್ಗೆ ಏನಾಗುತ್ತದೆಂದು ನಿಮಗಿನ್ನೂ ಗೊತ್ತಿಲ್ಲ, ನಾನು ಹೇಳುತ್ತೇನೆ; ನನಗೆ ಅದೆಲ್ಲ ಆಗಿಹೋದದ್ದು. ಎಂಟು ಗಂಟೆಗೆ ಕಾಲೊನಿಯ ಏಳುನೂರು ಜನ ಕೈ ಕೈ ಹಿಡಿದು ನಿಲ್ಲುತ್ತಾರೆ. ಕೆಲಸಕ್ಕೆ ರಜೆ ಹಾಕಿ ಬಂದವರು. ಪಡುವಣ ಬಾಗಿಲಲ್ಲಿ ಹುಲಿಗೆವ್ವ ಎಡಗೈಯನ್ನು ಪಕ್ಕದವಳಿಗೆ ಕೊಟ್ಟು, ಬಲಗೈಯನ್ನು ಬಡಾವಣೆಯ ಕಡೆಗೆ ಚಾಚಿ ನಿಲ್ಲುತ್ತಾಳೆ. ಉತ್ತರದ ಬೀದಿಯಲ್ಲಿ ಯಾರೂ ಇರುವುದಿಲ್ಲ. ಮನೆಗಳ ಕಿಟಕಿಗಳು ಮುಚ್ಚಿರುತ್ತವೆ. ಹತ್ತು ಗಂಟೆಯವರೆಗೆ ಅವಳು ಕೈ ಇಳಿಸುವುದಿಲ್ಲ. ಆಮೇಲೆ ಬಿ.ಎ. ಓದುತ್ತಿರುವ ಮಗಳು ಕಾಶವ್ವನನ್ನು ತನ್ನ ಜಾಗದಲ್ಲಿ ನಿಲ್ಲಿಸಿ, ನಿಮ್ಮ ಮನೆಗೆ ಬರುತ್ತಾಳೆ. ನಿಮ್ಮ ಸೊಸೆ ಬಾಗಿಲು ಅರ್ಧ ತೆರೆದು “ಮಾವಾರಿಗೆ ಜ್ವರ ಬಂದಾವ್ರಿ” ಎನ್ನುತ್ತಾಳೆ. ಆ ಬಾಗಿಲ ಹಿಂದೆಯೇ ನೀವು ನಿಂತಿರುತ್ತೀರಿ. ಇದನ್ನು ರೇಣವ್ವ ಹೇಳಿದ್ದಲ್ಲ, ನೀವೇ ಬರೆದದ್ದು.

“ಹಂಗಾರ ಎಬ್ಬಸಬ್ಯಾಡ್ರಿ” ಎಂದಳು ಹುಲಿಗೆವ್ವ. “ಗಂಜಿ ಕುಡಸ್ರಿ. ನಾವೆಲ್ಲಾ ನಿಂತೀವಿ, ಏನೂ ಕಾಳಜಿ ಮಾಡಬ್ಯಾಡಂತ ಹೇಳ್ರಿ.”

ಮತ್ತೆ ಹೋಗಿ ಸಂಜೆಯವರೆಗೆ ನಿಂತಳು. ಮರುದಿನ ಪತ್ರಿಕೆಯಲ್ಲಿ ‘ಸ್ಥಳೀಯರ ಸಹಮತದೊಂದಿಗೆ ಮಸೂದೆ ಅಂಗೀಕಾರ’ ಎಂದು ಬಂತು, ಕೆಳಗೆ ಹನ್ನೊಂದು ಹೆಸರು. ಕಾಶವ್ವ ಓದಿ ಹೇಳಿದಳು. ಎರಡನೆಯ ಹೆಸರನ್ನು ಇನ್ನೊಮ್ಮೆ ಓದೆಂದಳು ತಾಯಿ. ಓದಿದ ಮೇಲೆ “ಜ್ವರ ಬಂದಾವ ಅಂದ್ರಲ್ಲ” ಎಂದಳಂತೆ. ಅಷ್ಟೇ. ಕಾಶವ್ವ ರೇಣವ್ವನ ಅಜ್ಜಿ. ಎಂಬತ್ತು ದಾಟಿದ ಮೇಲೂ ಅವಳು ಆ ಮಾತನ್ನು ತಾಯಿಯ ದನಿಯಲ್ಲೇ ಹೇಳುತ್ತಿದ್ದಳು ಎನ್ನುತ್ತಾಳೆ ರೇಣವ್ವ.

ಒಂಬತ್ತು ದಿನದಲ್ಲಿ ಮರಗಳು ಉರುಳಿದವು. ಕಾಲೊನಿಯನ್ನು ಹನ್ನೆರಡು ಕಿಲೋಮೀಟರು ಆಚೆ, ಕಲ್ಲುಕ್ವಾರಿಯ ಪಕ್ಕಕ್ಕೆ ಒಯ್ದರು. ಅಲ್ಲಿ ಒಂದು ಗಿಡವಿರಲಿಲ್ಲ. ಮೊದಲ ಬೇಸಿಗೆಯಲ್ಲೇ ಇಬ್ಬರು ಮುದುಕರೂ ಒಂದು ಕೂಸೂ ಬಿಸಿಲಿಗೆ ಸತ್ತರು. ನೀವು ಕಾರ್ಡು ತೋರಿಸಿ ಏಳು ಎಕರೆಯಲ್ಲಿ ನಡೆದಿರಿ, ಹನ್ನೊಂದು ವರ್ಷ. ಹನ್ನೆರಡನೆಯ ವರ್ಷ ಆರನೆಯ ಕಲಮು ಎದ್ದು ಬಂತು. ಸಮುಚ್ಚಯಕ್ಕೆ ವಾಹನ ನಿಲ್ಲಿಸಲು ಜಾಗ ಸಾಲದಾಗಿತ್ತು. ಬಡಾವಣೆಯವರು ಹೌಹಾರಿ ಸಹಿ ಸಂಗ್ರಹಕ್ಕೆ ಹೊರಟರು. ತಮ್ಮವೇ ಮುನ್ನೂರು ಸಾಲದೆಂದು ಕ್ವಾರಿಯ ಕಾಲೊನಿಗೂ ಎರಡು ಕಾರು ಮಾಡಿಕೊಂಡು ಹೋದರು. ಮಾತಾಡಲು ಬಂದ ತರುಣರಿಗೆ ಹಳೆಯದು ಗೊತ್ತಿರಲಿಲ್ಲ. ನೀವು ಕಾರಿನಿಂದ ಇಳಿಯಲಿಲ್ಲ. ಅವಳ ಮನೆಯ ಬಾಗಿಲು ರಸ್ತೆಗೇ ಇತ್ತು, ಕಿಟಕಿಯ ಗಾಜು ಇಳಿದಿತ್ತು, ಎಲ್ಲ ಕೇಳಿಸಿತು.

“ಹಾಕ್ತೀನಿ ತಗೋರಿ” ಎಂದಳು ಹುಲಿಗೆವ್ವ. “ಗಿಡ ಏನ್ ಮಾಡ್ಯಾವು, ಅವುಗಳ ಮ್ಯಾಲೆ ಸಿಟ್ಟು ಮಾಡಾಕ?” ಹೆಬ್ಬೆಟ್ಟು ಒತ್ತಿ, ಮಸಿಯನ್ನು ಗೋಡೆಗೆ ಒರೆಸಿ ಕೇಳಿದಳು. “ಕಾರಿನ್ಯಾಗ ಯಾರದಾರ?”

“ಡ್ರೈವರ್ ಬೇ” ಎಂದ ಒಬ್ಬ ತರುಣ.

ನೀವು ಆ ಮಾತನ್ನೂ ಬರೆದುಕೊಂಡಿರಿ. ನಿಮ್ಮ ಎರಡನೆಯ ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಇನ್ನೂ ಅರವತ್ತು ಹಾಳೆ ಖಾಲಿ ಇವೆ. ಏಳು ಎಕರೆಯೂ ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ನನ್ನ ಅಪ್ಪನ ಕಾಲದಲ್ಲಿ ನೆರಳುಚೀಟಿಯ ಕಾನೂನು ಬಂದಾಗ, ಯಾರಿಗೆ ಹೆಚ್ಚು ಯಾರಿಗೆ ಕಡಿಮೆ ಎಂದು ನಿರ್ಧರಿಸಲು ಒಂದು ಆಧಾರ ಬೇಕಾಯಿತು. ‘ಪರಂಪರಾಗತವಾಗಿ ಹಸಿರು ಜಾಗ ಬಳಸಿದ ಕುಟುಂಬಗಳು’ ಎಂಬ ವರ್ಗ ಮಾಡಿದರು. ಅದಕ್ಕೆ ಬಿಳಿಗೊಪ್ಪದಲ್ಲಿ ಸಿಕ್ಕ ಏಕೈಕ ಲಿಖಿತ ದಾಖಲೆ ನಿಮ್ಮ ನಡಿಗೆ ಉದ್ಯಾನದ ಕಾರ್ಡುಗಳ ಪಟ್ಟಿ. ಹುಣಸೆಬೀಜಗಳನ್ನು ಯಾರೂ ದಾಖಲೆಯೆಂದು ಇಟ್ಟಿರಲಿಲ್ಲ. ಆದ್ದರಿಂದ ನನ್ನ ಚೀಟಿ ದಿನಕ್ಕೆ ಮೂರು ಗಂಟೆಯದು, ರೇಣವ್ವನದು ನಲವತ್ತು ನಿಮಿಷದ್ದು. ನಮ್ಮದು ಬೇರೆ ಸಾಲು, ಅವರದು ಬೇರೆ. ಅವಳಿಗೆ ಅರವತ್ತೇಳು ವರ್ಷ, ಎದೆಯ ತೊಂದರೆಯಿದೆ. ನಲವತ್ತು ನಿಮಿಷ ಮುಗಿದ ಕೂಡಲೇ ನಾನೇ ಗಂಟೆ ಒತ್ತಿ ಎಬ್ಬಿಸುತ್ತೇನೆ. ಕಳೆದ ತಿಂಗಳು ಒಂದು ದಿನ ತಡೆಯಲಾರದೆ ನನ್ನ ಚೀಟಿಯನ್ನೇ ಕಿಟಕಿಯಿಂದ ಅವಳತ್ತ ನೂಕಿದೆ. ಅವಳು ಓದಿ ನೋಡಿ ಹಿಂದಕ್ಕೆ ಸರಿಸಿದಳು. “ಒಂದಿನಕ್ಕ ಬ್ಯಾಡವ್ವಾ. ರೂಢಿ ತಪ್ಪತೈತಿ” ಎಂದಳು. ನಾನು ಎರಡನೆಯ ಸಲ ಒತ್ತಾಯ ಮಾಡಲಿಲ್ಲ. ಮಾಡಬಹುದಿತ್ತು. ಚೀಟಿ ತೆಗೆದು ಒಳಗಿಟ್ಟುಕೊಂಡು, ನನ್ನ ಸರದಿ ಬಂದಾಗ ಹೋಗಿ ಮೂರು ಗಂಟೆ ಕೂತೆ.

ಆದ್ದರಿಂದ ನೀವು ಸಹಿ ಹಾಕಬಾರದಿತ್ತು ಎಂದು ಹೇಳುವ ಬಾಯಿ ನನಗಿಲ್ಲ. ಅದರ ನೆರಳಿನಲ್ಲೇ ಬೆಳೆದಿದ್ದೇನೆ. ಸಹಿಯನ್ನು ಅಳಿಸಿ ಎಂದೂ ಕೇಳುತ್ತಿಲ್ಲ. ಉಳಿದ ಹತ್ತು ಜನ ಹೇಗೂ ಹಾಕಿಯಾಗಿದೆ, ನೀವು ಧೈರ್ಯವಂತರಲ್ಲ ಎಂದು ನಿಮ್ಮ ಪುಸ್ತಕವೇ ಹೇಳುತ್ತದೆ. ನಾನೂ ಅಲ್ಲ. ನಾನು ಬೇಡುವುದು ಅಂಜುಬುರುಕನೂ ಮಾಡಬಹುದಾದ ಒಂದು ಕೆಲಸ. ಈ ಶುಕ್ರವಾರಕ್ಕೂ ಸೋಮವಾರಕ್ಕೂ ನಡುವೆ ಎರಡು ದಿನಗಳಿವೆ. ಅವಳು ಏಳುನೂರು ಜನರನ್ನು ಕರೆದುಕೊಂಡು ಬಂದು, ಖಾಲಿ ಬೀದಿಗೆ ಕೈ ಚಾಚಿ ನಿಲ್ಲುವ ಮೊದಲು, ನಿಮ್ಮ ಬಾಯಿಂದಲೇ ಅವಳಿಗೆ ಗೊತ್ತಾಗಲಿ. ಅವಳು ಸಿಟ್ಟಾಗಲಿ, ಬಯ್ಯಲಿ, ನಿಮ್ಮನ್ನು ಬಿಟ್ಟು ಬೇರೆ ದಾರಿ ಹುಡುಕಲಿ. ಬಹುಶಃ ಅವಳೊಬ್ಬಳೇ ಏನಾದರೂ ಮಾಡಿಯಾಳು, ನಿಮ್ಮ ಪುಸ್ತಕ ಓದಿದ ಮೇಲೆ ಅವಳ ಬಗ್ಗೆ ನನಗೆ ಹಾಗನಿಸುತ್ತದೆ.

ನಾಳೆ ಮಧ್ಯಾಹ್ನ ಅವಳು ಮನೆಯಲ್ಲಿರುತ್ತಾಳೆ, ಕಾಶವ್ವ ಪರೀಕ್ಷೆಗೆ ಹೋಗಿ ಮನೆ ಕಾಯುವವರು ಇಲ್ಲದ್ದರಿಂದ ತೋಪಿಗೆ ಬಂದಿರುವುದಿಲ್ಲ ಎಂದು ರೇಣವ್ವ ಹೇಳಿದ್ದಾಳೆ. ದಕ್ಷಿಣದ ಬಾಗಿಲಿನಿಂದ ಮೂರನೆಯ ಸಾಲು, ಗೋಡೆಗೆ ನೀಲಿ ಬಳಿದ ಮನೆ. ಬಾಗಿಲು ಅವಳೇ ತೆರೆಯುತ್ತಾಳೆ. ನಿಮ್ಮನ್ನು ನೋಡಿ ಸಂತೋಷಪಡುತ್ತಾಳೆ, ಚಾಪೆ ಹಾಸಿ ಕೂರಲು ಹೇಳುತ್ತಾಳೆ.

ಕೂರಬೇಡಿ. ನಿಂತೇ ಹೇಳಿ.

ಮೃಡಾಣಿ ಮುಳಗುಂದ
ನೆರಳು ಕಚೇರಿ, ಬಿಳಿಗೊಪ್ಪ